ಪೇಟಿ ರಿಪೇರಿಯವರ ಮಜೂರಿ

ಪ್ರಾಮಾಣಿಕನಾದ ಪೇಟಿ ರಿಪೇರಿಯವನನ್ನು ನಾವೇ ಉಪವಾಸ ಕೆಡವುತ್ತಿದ್ದೇವೆ, ಸುಳ್ಳು ಹೇಳುವವನನ್ನು ನಾವೇ ಕೈಯಾರೆ ಸಾಕುತ್ತಿದ್ದೇವೆ. ಇದು ನನ್ನ ತಕರಾರು. ನಾವೇ ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹೆಂಗಸರು, ಅದರಲ್ಲೂ ಭಜನಾ ಮಂಡಳಿಯ ಲೆಕ್ಕ ಬರೆಯುವವರು, ಶಾಲೆಯಲ್ಲಿ ಪ್ರಾರ್ಥನೆ ಹಾಡಿಸುವವರು, ಮಗಳನ್ನು ಸಂಗೀತದ ಪರೀಕ್ಷೆಗೆ ಕೂಡಿಸುವವರು.

ಪಿಯಾನೋ ಎಂಬುದನ್ನು ನಾವು ಸಿನೆಮಾದಲ್ಲಿ ಕಂಡವರು. ದೊಡ್ಡ ಊರುಗಳಲ್ಲಿ ಅದನ್ನು ಶ್ರುತಿಗೆ ತರಲೆಂದೇ ಜನರಿರುತ್ತಾರಂತೆ, ಅವರು ಬರುವ ದಿನ, ಕೊಡುವ ಹಣ ಎಲ್ಲವೂ ಮೊದಲೇ ಗೊತ್ತಾಗಿರುತ್ತದಂತೆ. ನಮ್ಮ ಪಿಯಾನೋ ಎಂದರೆ ಹಾರ್ಮೋನಿಯಂ, ನಮ್ಮ ಬಾಯಲ್ಲಿ ಪೇಟಿ. ನಾಟಕ ಕಂಪನಿಗಳ ಕಾಲದಲ್ಲಿ ಪೇಟಿ ಮಾಸ್ತರರೆಂದರೆ ನಟರೂ ಎದ್ದು ನಿಲ್ಲುತ್ತಿದ್ದರು. ಸವದತ್ತಿ ಸೀಮೆಯ ಏಣಗಿಯಲ್ಲಿ ಹುಟ್ಟಿ, 2017ರಲ್ಲಿ ನೂರು ದಾಟಿ ತೀರಿಕೊಂಡ ಏಣಗಿ ಬಾಳಪ್ಪನವರು ಆ ರಂಗಭೂಮಿಯ ಹಾಡುವ ನಟರು. ಬೆಳಗಾವಿಯ ರಾಮಭಾವು ವಿಜಾಪುರೆಯವರು (1917-2010) ಪೇಟಿಯನ್ನೇ ಬದುಕಾಗಿಸಿಕೊಂಡು ಎಷ್ಟು ಜನ ಶಿಷ್ಯರನ್ನು ತಯಾರು ಮಾಡಿದರು! 1940ರಲ್ಲಿ ಆಕಾಶವಾಣಿಯವರು ಇದು ಪರದೇಶಿ ವಾದ್ಯ, ನಮ್ಮ ಸ್ವರಗಳ ಸೂಕ್ಷ್ಮ ಇದಕ್ಕೆ ಬರದು ಎಂದು ಹೊರಗಿಟ್ಟರು. ಆ ಬಾಗಿಲು ತುಸುವಾದರೂ ತೆರೆಯಲು ಮೂವತ್ತು ವರ್ಷ ಬೇಕಾಯಿತು. ನಮ್ಮ ಮಠ, ಗುಡಿ, ಶಾಲೆಗಳು ಆ ಬಹಿಷ್ಕಾರಕ್ಕೆ ಕಿವಿಗೊಡಲಿಲ್ಲ ಎನ್ನುವುದು ನಮ್ಮ ಪುಣ್ಯ.

ಬಾರಿಸುವವರ ಹೆಸರು ಹೀಗೆ ನೆನಪಿಡುತ್ತೇವೆ. ಅದನ್ನು ಬಿಚ್ಚಿ, ತೊಳೆದು, ಸ್ವರ ಕೂಡಿಸಿ ಕೊಡುವವನ ಹೆಸರು ಯಾವ ಆಮಂತ್ರಣ ಪತ್ರಿಕೆಯಲ್ಲಾದರೂ ಓದಿದ್ದೀರಾ? ಪೆಂಡಾಲಿನವನ ಹೆಸರಾದರೂ ಇರುತ್ತದೆ.

ಅವನು ಮಾಡುವ ಕೆಲಸ ಏನೆಂದು ಮೊದಲು ನೋಡೋಣ. ಮೂರೂವರೆ ಸಪ್ತಕದ ಪೇಟಿಯಲ್ಲಿ 42 ಕೀಗಳು. ಡಬಲ್ ರೀಡಿನದಾದರೆ 84 ಹಿತ್ತಾಳೆ ನಾಲಿಗೆಗಳು, ಮೂರು ಸಾಲಿನದಾದರೆ 126. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೇಳಬೇಕು, ಆಮೇಲೆ ಜೋಡಿಯಾಗಿ ಕೇಳಬೇಕು. ಒಂದೇ ಸ್ವರದ ಎರಡು ರೀಡುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ದನಿ ಅಲೆ ಅಲೆಯಾಗಿ ನಡುಗುತ್ತದೆ. ಸ್ವರ ಏರಿಸಬೇಕಾದರೆ ರೀಡಿನ ತುದಿಯನ್ನು ತುಸು ಕೆರೆಯಬೇಕು, ಇಳಿಸಬೇಕಾದರೆ ಬುಡದ ಹತ್ತಿರ. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ. ಹಾಗೆಂದೇ ಬೇಡದ ಕಡೆ ಅರ ಆಡಿಸುವವನು ಪೇಟಿಯ ಆಯುಷ್ಯವನ್ನೇ ಕದಿಯುತ್ತಾನೆ, ಅದಕ್ಕೆ ನಮ್ಮಿಂದಲೇ ಹಣವನ್ನೂ ಇಸಿದುಕೊಳ್ಳುತ್ತಾನೆ. ಒಳ್ಳೆಯ ಕೆಲಸಗಾರನ ಗುರುತು ಅವನು ಎಷ್ಟು ಕೆರೆದ ಎಂಬುದರಲ್ಲಿಲ್ಲ, ಎಷ್ಟು ಕೆರೆಯದೆ ಬಿಟ್ಟ ಎಂಬುದರಲ್ಲಿದೆ. ಇದು ಮೊಬೈಲಿನ ಶ್ರುತಿಯಂತ್ರಕ್ಕೆ ತಿಳಿಯುವ ಮಾತಲ್ಲ. ಅದು ಸ್ವರ ಏರಿದೆಯೋ ಇಳಿದಿದೆಯೋ ಎಂದಷ್ಟೇ ತೋರಿಸೀತು.

ಈಗ ನಮ್ಮ ನಡತೆ ನೋಡಿ. ನಮ್ಮ ಓಣಿಯ ಮಂಡಳಿಯ ಪೇಟಿ ಒಂದು ಶ್ರಾವಣದಲ್ಲಿ ಎರಡು ಸ್ವರ ಹಿಡಿದು ಕೂತಿತು. ಒಬ್ಬ ರಿಪೇರಿಯವನಿಗೆ ಕೊಟ್ಟೆವು. ಎಷ್ಟಾಗುತ್ತದೆ ಎಂದು ಕೇಳಿದರೆ, “ಬಿಚ್ಚಿದ ಮ್ಯಾಲೆ ಹೇಳ್ತೀನ್ರೀ ಅಕ್ಕೋರ, ನಿಮಗೇನ್ ಹೆಚ್ಚ ಹೇಳ್ತೀನಾ?” ಎಂದ. ಬಿಚ್ಚಿದ ಮೇಲೂ ಹೇಳಲಿಲ್ಲ. ಐದು ವಾರ ಬಿಟ್ಟು ಪೇಟಿ ತಂದಿಟ್ಟು 4,800 ರೂಪಾಯಿ ಕೇಳಿದ, ಒಂದು ಸಾಲು ರೀಡು ಪೂರಾ ಬದಲಿಸಿದೆನೆಂದ. ಹಳೆಯ ರೀಡು ಎಲ್ಲಿ ಎಂದು ಕೇಳಿದೆ. ಮೋಡಕಾದವನಿಗೆ ಹಾಕಿದೆನೆಂದು ಉತ್ತರ ಬಂತು. ಪೇಟಿ ನಮ್ಮದು, ಹಿತ್ತಾಳೆ ನಮ್ಮದು, ಮೋಡಕಾಕ್ಕೆ ಹಾಕುವ ಅಧಿಕಾರ ಯಾರು ಕೊಟ್ಟರು? ಹೊಸ ರೀಡುಗಳ ದನಿಯೋ, ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂತೆ. ಆದರೂ ನಮ್ಮ ಮಂಡಳಿಯವರು ಹಣ ಎಣಿಸಿಕೊಟ್ಟರು. “ಇಷ್ಟು ಸಾಮಾನು ಹಾಕ್ಯಾನಲ್ರಿ, ಪಾಪ” ಎಂದರು.

ಎರಡನೆಯ ಕತೆಗೂ ನಾನೇ ಸಾಕ್ಷಿ. ಸವದತ್ತಿ ಕಡೆಯ ಒಬ್ಬ ಮುದುಕರು ಒಂದು ಶಾಲೆಯ ಪೇಟಿ ನೋಡಲು ಬಂದರು. ರೀಡು ಹೋಗಿದೆ, ಹೊಸದು ಹಾಕಬೇಕು ಎಂದು ಎಲ್ಲರೂ ತೀರ್ಮಾನ ಮಾಡಿದ್ದರು. ಅವರು ಮುಚ್ಚಳ ತೆಗೆದು, ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ರೀಡಿನ ಕೆಳಗೆ ತೂರಿಸಿ ಮೆಲ್ಲಗೆ ಎಳೆದರು. ಇಷ್ಟೇ ಇಷ್ಟು ಕಸ ಬಂತು. “ಇದಕ ಏನೂ ಬದ್ಲಿ ಮಾಡೂದು ಬ್ಯಾಡ್ರಿ. ಉಸುರು ಕಟ್ಟಿತ್ತು, ಅಷ್ಟ” ಎಂದರು. ಉಳಿದ ರೀಡುಗಳನ್ನೂ ಒಂದೊಂದಾಗಿ ಕೇಳಿ, ತಿದಿಯ ಒಂದು ಸೀಳಿಗೆ ಚರ್ಮ ಅಂಟಿಸಿ, 300 ರೂಪಾಯಿ ಕೇಳಿದರು. ಆಗ ಎದ್ದ ಗದ್ದಲವನ್ನು ನೀವು ಕೇಳಬೇಕಿತ್ತು. ಕಾಗದ ಎಳೆದದ್ದಕ್ಕೆ 300 ರೂಪಾಯಿಯೇ? ಕೊನೆಗೆ 150 ಕೈಗಿಟ್ಟು ಚಹಾ ಕುಡಿಸಿ ಕಳಿಸಿದರು. ಅರ್ಧ ಮಜೂರಿ ಕೊಟ್ಟು ಪೂರ್ತಿ ಗೌರವ ಕೊಟ್ಟೆವೆಂಬ ಸಮಾಧಾನ ಬೇರೆ! ಉಳಿದ ಹಣವನ್ನು ನಾನು ಹೊರಗೆ ಹೋಗಿ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ.

ಎರಡನ್ನೂ ಕೂಡಿಸಿ ನೋಡಿ. ಬೇಡದ ರೀಡು ಹಾಕಿದವನಿಗೆ 4,800, ಬೇಡವೆಂದು ಹೇಳಿದವರಿಗೆ 150. ಆ ಮುದುಕರ ಮಗ ಈ ಕೆಲಸ ಕಲಿತಾನೆಯೇ? ಕಲಿತರೂ ಯಾವ ದಾರಿ ಹಿಡಿದಾನು? ಸಾಮಾನಿಗೆ ಹಣ ಕೊಡುತ್ತೇವೆ, ಕಿವಿಗೆ ಕೊಡುವುದಿಲ್ಲ. ಹಾಗಾಗಿ ಅವರೂ ಕಿವಿ ಬಿಟ್ಟು ಸಾಮಾನು ಮಾರತೊಡಗುತ್ತಾರೆ.

ಕಲೆಗೆ ಬೆಲೆ ಕಟ್ಟಬಾರದು, ಅದು ಸೇವೆ ಎನ್ನುವವರು ನಮ್ಮಲ್ಲಿ ಬಹಳ. ಈ ಮಾತನ್ನು ಹಣ ಕೊಡಬೇಕಾದವರು ಮಾತ್ರ ಆಡುವುದನ್ನು ನಾನು ಕೇಳಿದ್ದೇನೆ, ಹಣ ಬರಬೇಕಾದವರು ಆಡಿದ್ದು ಕಡಿಮೆ. ರಾಮದುರ್ಗ, ಸುರೇಬಾನದ ನೇಕಾರ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಮಗ್ಗಕ್ಕೆ ಹಾಸು ಏರುವ ಮೊದಲೇ ಸೀರೆಗೆ ಇಷ್ಟು ಮಜೂರಿ ಎಂದು ಮಾತಾಗಬೇಕು, ಇಲ್ಲದಿದ್ದರೆ ನೇಯ್ದ ಮೇಲೆ ಜಗಳ. ಸೀರೆಗೆ ಒಂದು ನ್ಯಾಯ, ಸ್ವರಕ್ಕೆ ಇನ್ನೊಂದು ನ್ಯಾಯವೇ?

ಆದರೆ ರಿಪೇರಿಯವರ ಪರವಾಗಿ ಇಷ್ಟು ಬರೆದೆನೆಂದು ಅವರಲ್ಲಿ ಯಾರೂ ಬೀಗಬೇಕಾಗಿಲ್ಲ. ಹೆಂಗಸು ಕೇಳಲು ಬಂದರೆ ದರ ಏರುತ್ತದೆ. ಜೊತೆಗೆ ತಬಲಾ ಬಾರಿಸುವ ಹುಡುಗನೊಬ್ಬ ನಿಂತರೆ ಇಳಿಯುತ್ತದೆ. ಇದು ನಾನು ಕಣ್ಣಾರೆ ಕಂಡದ್ದು. ನಮಗೆ ತಿಳಿಯುವುದಿಲ್ಲವೆಂಬ ಭರವಸೆ ಅವರಿಗೆ. ತಿಳಿಯುವುದು ಎಷ್ಟರ ಮಾತು? ನಾಲ್ಕು ಸ್ಕ್ರೂ ಬಿಚ್ಚಿದರೆ ಪೇಟಿಯ ಒಳಗು ಕಾಣುತ್ತದೆ. ಹೊಲಿಗೆ ಮಷೀನು ಬಿಚ್ಚಿ ಎಣ್ಣೆ ಹಾಕುವ ನಮಗೆ ಇದೇನು ಬ್ರಹ್ಮವಿದ್ಯೆಯಲ್ಲ. ಕೊಡುವ ಮೊದಲು ಪ್ರತಿ ಕೀ ಒತ್ತಿ ಯಾವುದು ಕೂಗುವುದಿಲ್ಲ, ಯಾವುದು ತಾನಾಗಿ ಕೂಗುತ್ತದೆ, ಎಲ್ಲಿ ಗಾಳಿ ಸೋರುತ್ತದೆ ಎಂದು ಅವನ ಎದುರಿಗೇ ಬರೆದಿಡಿ. ಆ ಚೀಟಿಯ ಮೇಲೆ ಮಜೂರಿ ಬೇರೆ, ಸಾಮಾನಿನ ಬೆಲೆ ಬೇರೆ ಬರೆಸಿ, ಯಾವ ದಿನ ಕೊಡುತ್ತಾನೆಂಬುದನ್ನೂ ಬರೆಸಿ. ಬಿಚ್ಚಿದ ಮೇಲೆ ಬೇರೆ ದೋಷ ಕಂಡರೆ ಕೆಲಸ ನಿಲ್ಲಿಸಿ ಫೋನು ಮಾಡಬೇಕು. ನಮ್ಮ ಒಪ್ಪಿಗೆ ಇಲ್ಲದೆ ಒಂದು ಮೊಳೆಯೂ ಬದಲಾಗಬಾರದು. ರೀಡು ಹಾಕುವುದೇ ಆದರೆ ಯಾವ ಊರಿನದು ಎಂದು ಕೇಳಿ. ಗುಜರಾತದ ಪಾಲಿತಾಣದ ರೀಡಿಗೆ ಹೆಸರಿದೆ, ಬೆಲೆಯೂ ಇದೆ. ಆ ಹೆಸರು ಹೇಳಿ ಬೇರೆಯದು ಹಾಕುವವರೂ ಇದ್ದಾರೆ. ತೆಗೆದ ಹಳೆಯ ರೀಡು ನಮ್ಮ ಕೈಗೆ ಬರಬೇಕು. ಹೊಸ ರೀಡು ಕೆಲವು ತಿಂಗಳಲ್ಲಿ ಸ್ವಲ್ಪ ಸರಿಯುವುದುಂಟು, ಆಗ ಒಮ್ಮೆ ಬಂದು ಕೂಡಿಸಿ ಕೊಡುವುದೂ ಮೊದಲ ಮಜೂರಿಯಲ್ಲೇ ಸೇರಿದೆಯೋ ಇಲ್ಲವೋ ಎಂದು ಮೊದಲೇ ಮಾತಾಗಲಿ.

ರಸೀದಿ ಕೇಳಲು ನಾಚಿಕೆ ಬೇಡ. ಹಣ ತೆಗೆದುಕೊಂಡು ಮಾಡುವ ರಿಪೇರಿಯೂ ಕಾಯಿದೆಯ ಲೆಕ್ಕದಲ್ಲಿ ಸೇವೆಯೇ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗಕ್ಕೆ ಬಂದ 2019ರ ಕಾಯಿದೆಯಲ್ಲಿ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರವೆಂದು ಬರೆದಿದೆ. ಪೇಟಿಯ ಸಲುವಾಗಿ ಯಾರು ಬೆಳಗಾವಿಯ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುತ್ತಾರೆ ಎಂದು ನಗಬೇಡಿ. ಹತ್ತಬಹುದು ಎಂದು ಗೊತ್ತಿರುವವಳ ಮುಂದೆ ಮಾತು ಬೇರೆಯಾಗಿರುತ್ತದೆ.

ಶಾಲೆಗಳ ಸಂಗತಿಯೇ ಬೇರೆ. ಮೂರು ಕೊಟೇಶನ್ ತರಿಸಿ ಎಲ್ಲಕ್ಕಿಂತ ಕಡಿಮೆಯದನ್ನು ಒಪ್ಪುವ ಪದ್ಧತಿ ಬೆಂಚಿಗೆ, ಬಣ್ಣಕ್ಕೆ ಸರಿ. ಸ್ವರಕ್ಕೆ? ಅಪಸ್ವರದ ಪೇಟಿಗೆ ದನಿ ಕೂಡಿಸಿ ವರ್ಷಗಟ್ಟಲೆ ಹಾಡಿದ ಮಗುವಿಗೆ ಅಪಸ್ವರವೇ ಸ್ವರವಾಗುತ್ತದೆ. ಆಮೇಲೆ ಅದನ್ನು ತಿದ್ದುವುದು, ನಾನು ಕಂಡಂತೆ, ತಪ್ಪು ಕಾಗುಣಿತ ತಿದ್ದುವುದಕ್ಕಿಂತ ಕಷ್ಟ. ಉಳಿಸಿದ ಇನ್ನೂರು ರೂಪಾಯಿ ಯಾವ ಖಾತೆಗೆ ಜಮೆಯಾಯಿತು, ಯಾರಾದರೂ ಹೇಳಲಿ.

ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಕುಶಲಕರ್ಮಿಗಳ ಊರಿನ ಹೆಸರೇ ಈಗ ಅವರ ಸಾಮಾನಿಗೆ ರಕ್ಷೆ. ನಮ್ಮ ಕಡೆ ಊರೂರು ತಿರುಗಿ ಪೇಟಿ ನೋಡುವವರಿಗೆ ಯಾವ ಗುರುತೂ ಇಲ್ಲ, ನಾವು ಕೊಡುವ ಮಜೂರಿಯೊಂದೇ.

ಇನ್ನೊಂದು ಮಾತು, ಕರೆಸುವ ಕಾಲದ್ದು. ಶ್ರಾವಣದ ಭಜನೆ, ಪುರಾಣ ಎದುರಿಗೆ ಬಂದಾಗ ಎಲ್ಲರ ಪೇಟಿಯೂ ಒಮ್ಮೆಲೇ ಕೆಡುತ್ತದೆ. ಕೆಟ್ಟದ್ದು ಎಂದೋ, ತಿಳಿಯುವುದು ಆಗ. ಮಳೆಗೆ ಕಟ್ಟಿಗೆ ಉಬ್ಬಿ ಕೀಗಳು ಹಿಡಿದುಕೊಳ್ಳುತ್ತವೆ, ಅಟ್ಟದ ಮೇಲಿದ್ದರೆ ಇಲಿ ತಿದಿ ಕಡಿದಿರುತ್ತದೆ. ಆ ಗದ್ದಲದಲ್ಲಿ ಕರೆಸಿ ದರ ಹೆಚ್ಚಾಯಿತೆಂದು ಅಳುವುದರ ಬದಲು ಬೇಸಿಗೆ ರಜೆಯಲ್ಲೇ ಕರೆಸಿ. ರಾಮದುರ್ಗದಿಂದ ಕಿತ್ತೂರಿಗೆ ಬರುವವನಿಗೆ ಒಂದು ದಿನ ಪೂರ್ತಿ ಹೋಗುತ್ತದೆ. ಆ ದಿನದ್ದೂ ಲೆಕ್ಕಕ್ಕೆ ಹಿಡಿಯಬೇಕು. 2023ರ ಜೂನಿನಿಂದ ಸರಕಾರಿ ಬಸ್ಸು ನಮಗೆ ಪುಕ್ಕಟೆಯಾಯಿತು, ಅವನಿಗೆ ಆಗಲಿಲ್ಲ. ಹೋಗಿ ಬರುವ ಎರಡೂ ಟಿಕೇಟು ನಮ್ಮದು. ಊಟ ಹಾಕಿದೆವೆಂದು ಮಜೂರಿಯಲ್ಲಿ ಹಿಡಿಯುವಂತಿಲ್ಲ.