ಒತ್ತಡದ ಅಂಕಿ ಬೇಡ, ಹಾಲಿನ ಲೆಕ್ಕ ಕೊಡಿ

ರಾಜಾಜಿನಗರದ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದರಲ್ಲಿ ಕಳೆದ ವರ್ಷ ಒಂದು ಸಂಜೆ ಅರ್ಧ ಗಂಟೆ ನಿಂತಿದ್ದೆ. ಕಪಾಟಿನ ಮೇಲೆ ಎಸ್ಪ್ರೆಸೊ ಯಂತ್ರಗಳ ಸಾಲು. ಮಾರಾಟದ ಹುಡುಗ ಬಹಳ ವಿನಯವಂತ. ‘ಇದು ಹದಿನೈದು ಬಾರ್ ಸಾರ್, ಅದು ಇಪ್ಪತ್ತು ಬಾರ್. ತಗೊಳ್ಳೋದಾದ್ರೆ ಇಪ್ಪತ್ತರದ್ದೇ ತಗೊಳ್ಳಿ’ ಎಂದ. ಎರಡು ಲೋಟ ಹಾಲನ್ನು ಕಾಯಿಸಿ ನೊರೆ ಬರಿಸಲು ಇದಕ್ಕೆ ಎಷ್ಟು ನಿಮಿಷ ಬೇಕು ಎಂದು ಕೇಳಿದೆ. ಆತ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆರೂ ಮುಖಗಳಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ.

ಇಂಥ ಪ್ರಶ್ನೆ ಕೇಳುವ ಹಂತಕ್ಕೆ ನಾನು ಬಂದದ್ದು ರುಚಿಯ ಚಪಲದಿಂದಲ್ಲ. ಮೂವತ್ತೇಳು ವರ್ಷ ನಮ್ಮ ಮನೆಯ ಕಾಫಿ ಮಾಡಿದವಳು ನನ್ನ ಹೆಂಡತಿ. ಬೆಳಗಿನ ಐದಕ್ಕೆ ಫಿಲ್ಟರಿಗೆ ಪುಡಿ ತುಂಬಿ ಒತ್ತುವುದು, ಕುದಿವ ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತುವುದು, ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿದು ನೊರೆ ಎಬ್ಬಿಸುವುದು; ಇವೆಲ್ಲ ಬೆರಳಿನ ಗೆಣ್ಣುಗಳ ಕೆಲಸವೆಂಬುದು ಆ ಗೆಣ್ಣುಗಳು ಊದಿಕೊಂಡ ಮೇಲೆ ನನಗೆ ತಿಳಿಯಿತು. ಇಕ್ಕಳ ಹಿಡಿಯಬೇಡಿ ಎಂದು ವೈದ್ಯರು ಹೇಳಿದರು. ಅದುವರೆಗೆ ಕಾಫಿಯ ವಿಷಯದಲ್ಲಿ ನನ್ನ ಕೊಡುಗೆ ಕುಡಿಯುವುದು ಮತ್ತು ಟೀಕಿಸುವುದು ಮಾತ್ರವಾಗಿತ್ತು. ಪರಊರಿನಲ್ಲಿರುವ ಮಗ ಫೋನಿನಲ್ಲಿ, ‘ಅಪ್ಪ, ನೊರೆ ಬರೋ ಮಷೀನ್ ಒಂದು ತಗೊಂಡುಬಿಡಿ, ಗುಂಡಿ ಒತ್ತಿದರೆ ಆಯ್ತು’ ಎಂದ. ಗುಂಡಿ ಒತ್ತಿದರೆ ಆಗುವ ಕೆಲಸವಾದರೆ ನನಗೂ ಒಪ್ಪಿಗೆಯೇ.

ಮೊದಲ ಯಂತ್ರವನ್ನು ಕೊಂಡದ್ದು ಬೆಲೆ ನೋಡಿ. ಅದರ ಪೆಟ್ಟಿಗೆಯ ಮೇಲೆಯೂ ಎಸ್ಪ್ರೆಸೊ ಎಂದೇ ಇತ್ತು. ಒಳಗೆ ಪಂಪು ಇರಲಿಲ್ಲ ಎಂಬುದು ತಿಳಿದದ್ದು ಆಮೇಲೆ. ಪುಟ್ಟ ಬಾಯ್ಲರಿನಲ್ಲಿ ನೀರು ಕುದಿದು, ಆ ಹಬೆಯ ಒತ್ತಡವೇ ನೀರನ್ನು ಪುಡಿಯ ಮೂಲಕ ತಳ್ಳುವ ಬಗೆಯದು. ಕಾಫಿಯನ್ನು ತಳ್ಳಬೇಕಾದದ್ದೂ ಅದೇ ಹಬೆ, ಹಾಲಿಗೆ ನೊರೆ ಬರಿಸಬೇಕಾದದ್ದೂ ಅದೇ ಹಬೆ. ಕಾಫಿ ಇಳಿಯುವ ಹೊತ್ತಿಗೆ ಅದಕ್ಕೆ ಸುಸ್ತು. ಹಾಲಿನೊಳಗೆ ಕೊಳವೆ ಇಟ್ಟರೆ ನಾಲ್ಕು ಗುಳ್ಳೆ ಎದ್ದು, ಒಂದು ನಿಟ್ಟುಸಿರು ಬಿಟ್ಟು ನಿಂತುಹೋಗುತ್ತಿತ್ತು. ಇನ್ನೊಂದು ಸಲ ಮಾಡಬೇಕಾದರೆ ಒತ್ತಡ ಇಳಿಯುವವರೆಗೆ ಕಾಯ್ದು ಮುಚ್ಚಳ ತಿರುಗಿಸಬೇಕು. ಬಿಗಿಯಾದ ಆ ಮುಚ್ಚಳ ತಿರುಗಿಸಲು ಬೇಕಾದದ್ದು ಮತ್ತೆ ಬೆರಳಿನ ಬಲವೇ! ಎಂಟು ತಿಂಗಳಿಗೆ ಹಬೆಯ ಕೊಳವೆ ಕಟ್ಟಿಕೊಂಡಿತು. ಬಿಡಿಭಾಗ ಸಿಗುವುದಿಲ್ಲವೆಂದು ದುರಸ್ತಿಯವರು ಕೈಚೆಲ್ಲಿದರು. ಅದೀಗ ಅಟ್ಟದ ಮೇಲಿದೆ.

ಮೋಸ ಹೋದೆನೆಂದು ಹೇಳಲಾರೆ. ಎಸ್ಪ್ರೆಸೊ ಎಂದರೆ ನೊರೆ ಎಂದು ನನ್ನ ತಲೆಮಾರು ಕಲಿತದ್ದೇ ಮದುವೆಯ ಛತ್ರಗಳಲ್ಲಿ. ಊಟದ ಪಂಕ್ತಿಗಿಂತ ಉದ್ದದ ಸಾಲು ನಿಂತಿರುತ್ತಿದ್ದ ಆ ಹಿತ್ತಾಳೆ ಬಣ್ಣದ ಯಂತ್ರ ಹಲವರಿಗೆ ನೆನಪಿರಬಹುದು. ಹಾಲು, ಸಕ್ಕರೆ, ಕರಗುವ ಕಾಫಿಪುಡಿ ಹಾಕಿದ ಜಗ್ಗಿಗೆ ಬುಸುಗುಟ್ಟುವ ಹಬೆ ಬಿಟ್ಟು, ಮೇಲೊಂದು ಚಿಟಿಕೆ ಕೋಕೋ ಪುಡಿ ಉದುರಿಸಿದರೆ ಅದೇ ‘ಎಕ್ಸ್‌ಪ್ರೆಸ್ ಕಾಫಿ’. ಇಟಲಿಯವರು ಎಸ್ಪ್ರೆಸೊ ಎನ್ನುವುದು ಬೊಗಸೆಯಷ್ಟೂ ಇಲ್ಲದ, ಹಾಲು ಸೋಕದ ಕಪ್ಪು ಕಾಫಿಗೆ. ಮಿಲಾನಿನ ಲುಯಿಜಿ ಬೆತ್ಸೆರಾ 1901ರಲ್ಲಿ ಹಕ್ಕುಪತ್ರ ಪಡೆದ ಯಂತ್ರ ಹಬೆಯ ಒತ್ತಡದ್ದು, ಹೆಚ್ಚುಕಡಿಮೆ ನನ್ನ ಅಟ್ಟದ ಮೇಲಿರುವುದರ ಮುತ್ತಜ್ಜ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಕಿಲೆ ಗಾಜಿಯಾ ಅವರ ಸನ್ನೆಕೋಲಿನ ಯಂತ್ರ, 1961ರಲ್ಲಿ ಫೇಮಾ ಸಂಸ್ಥೆಯ ಇ-61 ಎಂಬ ಪಂಪಿನ ಯಂತ್ರ ಬಂದವು. ಕಾಫಿಯ ಮೇಲೆ ಕಂದುಬಣ್ಣದ ಕೆನೆ ಕಟ್ಟಿದ್ದು ಆಗ. ನಮ್ಮ ಛತ್ರದ ನೊರೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ತಪ್ಪು ತಿಳಿವಳಿಕೆಯಲ್ಲಿ ಒಂದು ನಿಜವಿದೆ: ನಮಗೆ ಬೇಕಾದದ್ದು ಹಾಲು ಬೆರೆತ ಕಾಫಿ. ನಮ್ಮ ಲೋಟದಲ್ಲಿ ಮುಕ್ಕಾಲು ಪಾಲು ಹಾಲೇ. ಯಂತ್ರವನ್ನು ವರ್ಣಿಸುವವರು ಮಾತ್ರ ಉಳಿದ ಕಾಲು ಪಾಲಿನ ಬಗ್ಗೆಯೇ ಮಾತನಾಡುತ್ತಾರೆ.

ಆ ಕಾಲು ಪಾಲಿನ ವರ್ಣನೆಯಾದರೂ ಸರಿಯಾಗಿದೆಯೇ? ಪುಡಿಯ ಮೂಲಕ ನೀರು ಹಾಯಲು ಬೇಕಾದ ಒತ್ತಡ ಸುಮಾರು ಒಂಬತ್ತು ಬಾರ್. ಹದಿನೈದು, ಇಪ್ಪತ್ತು ಎಂಬುದು ಪಂಪು ಗರಿಷ್ಠವಾಗಿ ತಳ್ಳಬಲ್ಲ ಬಲವೇ ಹೊರತು ಕಾಫಿಗೆ ದಕ್ಕುವ ಪ್ರಯೋಜನವಲ್ಲ. ಸ್ಕೂಟರಿನ ಮೀಟರಿನಲ್ಲಿ 120 ಎಂದು ಬರೆದಿದೆಯೆಂದು ಮಾಗಡಿ ರಸ್ತೆಯಲ್ಲಿ ಬೇಗ ಮನೆ ಸೇರಲಾದೀತೆ?

ಹಾಲಿನ ಲೆಕ್ಕ ಬೇರೆ. ಹಾಲಿನ ಪ್ರೋಟೀನು ಗಾಳಿಯ ಗುಳ್ಳೆಯ ಸುತ್ತ ಪೊರೆ ಕಟ್ಟಿದಾಗ ನೊರೆ ನಿಲ್ಲುತ್ತದೆ. ಅದಕ್ಕೆ ಹಾಲು ಫ್ರಿಜ್ಜಿನ ತಂಪಿನಿಂದ ಹೊರಡಬೇಕು. ಬಿಸಿಯಾಗುವುದರೊಳಗೆ ಗಾಳಿ ಸೇರಿ ಒಂದೇ ಹದದಲ್ಲಿ ಬೆರೆಯಲು ಸಮಯ ಸಿಗಬೇಕು. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಶೇ 3ರಷ್ಟು ಜಿಡ್ಡಿದೆ, ನೊರೆಗೆ ಅಷ್ಟು ಸಾಕು. ನಮ್ಮ ಮನೆಗಳಲ್ಲಿ ಹಾಲು ತಂದ ಕೂಡಲೇ ಕಾಯಿಸಿಡುವ ಪದ್ಧತಿಯಿದೆ. ಹಾಗೆ ಕಾಯಿಸಿ ತಣಿಸಿದ ಹಾಲಿನ ಕೆನೆಯನ್ನು ಸೋಸದೆ ಹಬೆ ಹಾಯಿಸಿದರೆ ತುಣುಕುಗಳು ಕೊಳವೆಯ ತುದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಇನ್ನೊಂದು ಸಂಗತಿ: ಹಬೆ ಹಾಲಿನಲ್ಲೇ ನೀರಾಗಿ ಕರಗುವುದರಿಂದ ಹತ್ತರಲ್ಲಿ ಒಂದು ಪಾಲಿನಷ್ಟು ನೀರು ಹಾಲಿಗೆ ಸೇರುತ್ತದೆ. ಮನೆ ಬಾಗಿಲಿಗೆ ಬರುತ್ತಿದ್ದ ಹಾಲಿನವರನ್ನು ಇದೇ ಕಾರಣಕ್ಕೆ ನಮ್ಮ ಅಮ್ಮ ಜೀವನವಿಡೀ ಬೈದಿದ್ದರು. ಹಬೆ ಒಣಗಿದ್ದಷ್ಟೂ, ಬಲವಾಗಿದ್ದಷ್ಟೂ ಈ ನೀರು ಕಡಿಮೆ. ಸಣ್ಣ ಬಾಯ್ಲರಿನ ಸೋತ ಹಬೆ ಹಾಲನ್ನು ತೆಳ್ಳಗೆ ಮಾಡುವುದೂ ಇದರಿಂದಲೇ.

ನಿಜವಾದ ಜಗಳವಿರುವುದು ಬಿಸಿಯಲ್ಲಿ. ನೊರೆ ನಯವಾಗಿ ನಿಲ್ಲುವುದು ಅರವತ್ತರಿಂದ ಅರವತ್ತೈದು ಡಿಗ್ರಿಯಲ್ಲಿ. ಎಪ್ಪತ್ತು ದಾಟಿದರೆ ಹರಿಯತೊಡಗುತ್ತದೆ. ನಮ್ಮ ನಾಲಿಗೆಗಾದರೋ ಲೋಟದ ಅಂಚು ಸುಡದಿದ್ದರೆ ಅದು ಕಾಫಿಯೇ ಅಲ್ಲ. ತಾನೇ ಹಾಲು ಎಳೆದುಕೊಂಡು, ತಾನೇ ನೊರೆ ಬರಿಸಿ, ತಾನೇ ಲೋಟಕ್ಕೆ ಸುರಿಯುವ ದುಬಾರಿ ಯಂತ್ರಗಳು ಈ ವಿಷಯದಲ್ಲಿ ಯಜಮಾನಿಕೆ ನಡೆಸುತ್ತವೆ. ಬಸವೇಶ್ವರನಗರದ ಬಂಧುಗಳ ಮನೆಯಲ್ಲಿ ಅಂಥದೊಂದರ ಕಾಫಿ ಕುಡಿದು ನನ್ನವಳು ಮೆಲ್ಲಗೆ ‘ಆರಿದೆ’ ಎಂದಳು. ಅದರ ಹಾಲಿನ ಪಾತ್ರೆ, ಕೊಳವೆಗಳನ್ನು ಪ್ರತಿದಿನ ಬಿಚ್ಚಿ ತೊಳೆಯದಿದ್ದರೆ ಏಪ್ರಿಲ್ ತಿಂಗಳಿನಲ್ಲಿ ಒಳಗೆ ಮೊಸರಾಗುತ್ತದೆ. ತೊಳೆಯುವ ಕೆಲಸ ಯಾರ ಪಾಲಿಗೆ ಬೀಳುತ್ತದೆಂದು ಹೇಳಬೇಕಾಗಿಲ್ಲ. ನಾವೇ ಹಿಡಿದು ತಿರುಗಿಸಬಹುದಾದ ಬೆತ್ತಲೆ ಹಬೆಕೊಳವೆಯಾದರೆ ಬಿಸಿ ನಮ್ಮ ಕೈಯಲ್ಲಿರುತ್ತದೆ. ಎಪ್ಪತ್ತೈದರವರೆಗೆ ಒಯ್ದು ತುಸು ನೊರೆ ಕಳೆದುಕೊಳ್ಳುವ ಸ್ವಾತಂತ್ರ್ಯವೂ ನಮ್ಮದೇ. ಕೆಲಸ ಮುಗಿದೊಡನೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಕ್ಷಣ ಹಬೆ ಹೊರಬಿಟ್ಟರೆ ಶುದ್ಧ. ಕಲಿಯಲು ನನಗೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅಡುಗೆಮನೆಯ ಗೋಡೆಗೆ ಹಾಲಿನ ಅಭಿಷೇಕವೂ ಆಯಿತು.

ನೀರಿನ ಮಾತನ್ನು ಪೆಟ್ಟಿಗೆ ಎತ್ತುವುದೇ ಇಲ್ಲ. ನಗರದ ಪಶ್ಚಿಮ ಭಾಗದಲ್ಲಿ ಇದು ಬೀದಿಯಿಂದ ಬೀದಿಗೆ ಬದಲಾಗುವ ಸಂಗತಿ. 1933ರ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ಅರ್ಕಾವತಿಯ ನೀರು ಕುಡಿದ ಬಡಾವಣೆಗಳಿವು. ಈಗ ನೂರು ಕಿಲೊಮೀಟರು ದೂರದಿಂದ ಏರಿಬರುವ ಕಾವೇರಿಯ ನೀರು ಮೆದು. ಆದರೆ ಕಾವೇರಿ ಬಾರದ ದಿನ ಸಂಪಿಗೆ ಬೀಳುವುದು ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರು. ಕೆಂಗೇರಿಯ ಆಚೆಯ ಎಷ್ಟೋ ಹೊಸ ಬಡಾವಣೆಗಳಲ್ಲಿ ಅದೇ ನಿತ್ಯದ ನೀರು. ಬಿಸಿನೀರಿನ ಗೀಸರಿನೊಳಗೆ ಬಿಳಿಯ ಗಾರೆ ಕಟ್ಟುವುದನ್ನು ನೋಡಿದವರಿಗೆ, ಕಡ್ಡಿ ಗಾತ್ರದ ಹಬೆಕೊಳವೆಯ ಗತಿ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ನನ್ನ ಮೊದಲ ಯಂತ್ರದ ಕೊರಳು ಕಟ್ಟಿದ್ದು ಹೀಗೆ. ಅದರಲ್ಲಿ ತಯಾರಕರ ತಪ್ಪೆಷ್ಟೋ ನನ್ನ ಅಜ್ಞಾನವೂ ಅಷ್ಟೇ. ಸೋಸಿದ ಮೆದು ನೀರು ಹಾಕಬೇಕು, ಎರಡು ಮೂರು ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲದ, ಅಂದರೆ ಅಂಗಡಿಯ ನಿಂಬೆ ಉಪ್ಪಿನ, ತಿಳಿನೀರು ಹಾಯಿಸಿ ತೊಳೆಯಬೇಕು. ತಯಾರಕರ ಕೈಪಿಡಿ ಬೇರೆ ದ್ರಾವಣ ಹೇಳಿದ್ದರೆ ಅದನ್ನೇ ಬಳಸಬೇಕು. ಹಾಗೆಯೇ ವಿದ್ಯುತ್ತಿನದು. ಸಾವಿರದ ನಾನೂರು ವಾಟಿನ ಯಂತ್ರವನ್ನು ಹಳೆಯ ಮನೆಯ ಅಡುಗೆಕಟ್ಟೆಯ ಐದು ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಬಾರದು.

ಪುಡಿಯ ವಿಷಯ ಮಾತ್ರ ಕೊಂಚ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ಅಡುಗೆಮನೆಯಾಚೆಗೂ ಸಲ್ಲುವ ಮಾತು. ನಾವು ಫಿಲ್ಟರಿಗೆ ಹಾಕುವ ಪುಡಿಯಲ್ಲಿ ಬಹುಪಾಲು ಚಿಕೋರಿ ಬೆರೆತಿರುತ್ತದೆ. ಕಾಫಿ ಶೇ 51ಕ್ಕಿಂತ ಕಡಿಮೆಯಿರಬಾರದೆಂಬುದು ಕಾನೂನು. ಅಂದರೆ ಅರ್ಧದ ಹತ್ತಿರದವರೆಗೂ ಬೇರಿನ ಪುಡಿ ಇರಬಹುದು. ಫಿಲ್ಟರಿನಲ್ಲಿ ನಿಧಾನವಾಗಿ ತೊಟ್ಟಿಕ್ಕುವಾಗ ಅದರಿಂದ ಗಾಢ ಬಣ್ಣ, ಮಂದತೆ ಬರುತ್ತದೆ. ಪಂಪಿನ ಯಂತ್ರದಲ್ಲಾದರೆ ಅಂಟಾಗಿ ಜಾಲರಿಯನ್ನು ಮುಚ್ಚುತ್ತದೆ. ಯಂತ್ರಕ್ಕೆ ಶುದ್ಧ ಕಾಫಿಯೇ ಬೇಕು, ಅದೂ ಹೊಸದಾಗಿ ಹುರಿದು, ನುಣ್ಣಗೆ ಬೀಸಿದ್ದು. ಹದಿನೆಂಟು ಗ್ರಾಂ ಪುಡಿ, ಅರ್ಧ ನಿಮಿಷದೊಳಗೆ ಮೂವತ್ತಾರು ಗ್ರಾಂನಷ್ಟು ಕಾಫಿ ಎಂಬುದು ಎಲ್ಲೆಡೆ ಒಪ್ಪಿತವಾದ ಹದ. ಯಂತ್ರಕ್ಕೆ ಇಟ್ಟ ಹಣದಲ್ಲಿ ಒಂದಿಷ್ಟು ಉಳಿಸಿ ಬೀಸುವ ಯಂತ್ರಕ್ಕೆ ಕೊಡುವುದು ಜಾಣತನ. ಆಗದಿದ್ದರೆ ಬಡಾವಣೆಯ ಪುಡಿ ಅಂಗಡಿಯಲ್ಲಿ ‘ಚಿಕೋರಿ ಬೇಡ, ಇನ್ನೂ ಸಣ್ಣಗೆ’ ಎಂದು ವಾರಕ್ಕೊಮ್ಮೆ ನೂರು ಗ್ರಾಂ ಬೀಸಿಸಿಕೊಳ್ಳಬಹುದು. ವಿಜಯನಗರದ ನನ್ನ ಅಂಗಡಿಯವರು ಮೊದಲು ಅನುಮಾನಪಟ್ಟರು, ಈಗ ನನ್ನ ತಲೆ ಕಂಡೊಡನೆ ಬೀಸುಗಲ್ಲಿನ ತಿರುಪು ಬಿಗಿಮಾಡುತ್ತಾರೆ.

ಇಲ್ಲೊಂದು ವಿಪರ್ಯಾಸವಿದೆ. ದೇಶದ ಕಾಫಿಯಲ್ಲಿ ಶೇ 70ರಷ್ಟನ್ನು ಬೆಳೆಯುವುದು ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸೊ ಮೇಲಿನ ಕಂದು ಕೆನೆಗೆಂದು ನಮ್ಮ ರೊಬಸ್ಟಾಕ್ಕೆ ಅಲ್ಲಿ ಮರ್ಯಾದೆ. ಅದೇ ಕಾಳನ್ನು ನಾವಿಲ್ಲಿ ಚಿಕೋರಿ ಬೆರೆಸಿ ಕುಡಿದು, ‘ಇಟಲಿಯ ರುಚಿ’ ಎಂದು ಬರೆದ ಯಂತ್ರಕ್ಕೆ ಸಾವಿರಾರು ರೂಪಾಯಿ ತೆರುತ್ತೇವೆ. ಯಂತ್ರ ಕೊಂಡವರಾದರೂ ಮಲೆನಾಡಿನ ಶುದ್ಧ ರೊಬಸ್ಟಾ ಬೆರೆತ ಪುಡಿಯನ್ನು ಕೇಳಿ ಪಡೆದರೆ, ಪರದೇಶದ ಬೆಲೆಯ ಏರಿಳಿತವನ್ನೇ ನೆಚ್ಚಿಕೊಂಡ ಬೆಳೆಗಾರರಿಗೆ ಮನೆಯಂಗಳದಲ್ಲೇ ಒಂದು ಮಾರುಕಟ್ಟೆ ಸಿಕ್ಕೀತು.

ಹಾಗಾದರೆ ಫಿಲ್ಟರನ್ನು ಅಟ್ಟಕ್ಕೆ ಹಾಕಬೇಕೆ? ಖಂಡಿತ ಬೇಡ. ಯಂತ್ರ ಒಂದು ಸಲಕ್ಕೆ ಎರಡು ಲೋಟದ ಕಾಫಿ ಕೊಡುತ್ತದೆ. ಒಂದೇ ಬಾಯ್ಲರಿನದಾದರೆ ಕಾಫಿ ಇಳಿಸಿ, ಬಿಸಿ ಏರಿಸಿ, ಹಬೆ ತೆಗೆದು, ಮತ್ತೆ ತಣಿಸಬೇಕು. ಭಾನುವಾರ ಆರು ಜನ ನೆಂಟರು ಬಂದರೆ ಆರನೆಯವರಿಗೆ ಕಾಫಿ ಸಿಗುವಷ್ಟರಲ್ಲಿ ಮೊದಲನೆಯವರು ಹೊರಡಲು ಚಪ್ಪಲಿ ಹುಡುಕುತ್ತಿರುತ್ತಾರೆ. ಕಪ್ಪು ಕಾಫಿಯ ಒಲವಿಲ್ಲದ ಮನೆಯವರಿಗೆ ನನ್ನ ಸಲಹೆ ಇನ್ನೂ ಸರಳ: ಡಿಕಾಕ್ಷನ್ ಫಿಲ್ಟರಿನದೇ ಇರಲಿ, ಹಾಲಿಗಷ್ಟೇ ಬ್ಯಾಟರಿಯ ಕಡೆಗೋಲೋ ವಿದ್ಯುತ್ ನೊರೆಪಾತ್ರೆಯೋ ಸಾಕು. ಹೀಗೆ ಹೇಳುವ ಅಂಗಡಿಯೊಂದೂ ನನಗೆ ಸಿಗಲಿಲ್ಲ.

ತಯಾರಕರು ಪೆಟ್ಟಿಗೆಯ ಮೇಲೆ ಬರೆಯಬೇಕಾದದ್ದು ಹೆಚ್ಚೇನಿಲ್ಲ. ತಂಪಾದ ಇನ್ನೂರು ಮಿಲಿಲೀಟರು ಹಾಲನ್ನು ಅರವತ್ತೈದು ಡಿಗ್ರಿಗೆ ತರಲು ಎಷ್ಟು ಸೆಕೆಂಡು, ಕಾಫಿ ಇಳಿಸಿದ ಮೇಲೆ ಹಬೆಗೆ ಎಷ್ಟು ಹೊತ್ತು ಕಾಯಬೇಕು, ಯಾವ ಗಡಸಿನ ನೀರಿನವರೆಗೆ ತಾಳುತ್ತದೆ, ರಬ್ಬರಿನ ಉಂಗುರ ಸವೆದರೆ ಈ ಊರಿನಲ್ಲಿ ಎಲ್ಲಿ ಸಿಗುತ್ತದೆ. ರೆಫ್ರಿಜರೇಟರಿನ ಮೇಲೆ ವಿದ್ಯುತ್ ಬಳಕೆಯ ನಕ್ಷತ್ರ ಮುದ್ರಿಸುವ ದೇಶದಲ್ಲಿ ಇಷ್ಟು ಕೇಳುವುದು ಅತಿಯಾಸೆಯೇ? ಅಂಗಡಿಯವರು ಒಂದು ಯಂತ್ರವನ್ನು ತೆರೆದಿಟ್ಟು, ಗ್ರಾಹಕರು ಅರ್ಧ ಲೀಟರು ಹಾಲು ತಂದರೆ ಮಾಡಿ ತೋರಿಸಲಿ. ಸೀರೆಯನ್ನು ಬಿಚ್ಚಿ ಹರಡದೆ ಯಾರೂ ಕೊಳ್ಳುವುದಿಲ್ಲ.

ನಾನು ಕೊನೆಗೆ ಆರಿಸಿದ್ದು ಒಂದೇ ಬಾಯ್ಲರಿನ, ಬೆತ್ತಲೆ ಹಬೆಕೊಳವೆಯ, ಗುಂಡಿಗಳು ಕಡಿಮೆಯಿರುವ ಸಾಧಾರಣ ಯಂತ್ರ. ಹದಿನೈದು ಬಾರಿನದು, ಇಪ್ಪತ್ತರದಲ್ಲ. ಪುಡಿಯ ಹಿಡಿಕೆಯನ್ನು ತಿರುಗಿಸಿ ಬಿಗಿಮಾಡಲು ಅದಕ್ಕೂ ಮಣಿಕಟ್ಟಿನ ಬಲ ಬೇಕು. ಆದ್ದರಿಂದ ಅದರ ಮುಂದೆ ನಿಲ್ಲುವವನು ನಾನೇ ಎಂದು ಕೊಳ್ಳುವ ಮೊದಲೇ ತೀರ್ಮಾನವಾಗಿತ್ತು. ಬೆಳಗಿನ ಐದೂವರೆಗೆ ಎರಡು ಲೋಟ ನನ್ನದು. ಮಧ್ಯಾಹ್ನ ನಾಲ್ಕಕ್ಕೆ, ಮನೆಗೆಲಸದಾಕೆಯೂ ಪಕ್ಕದ ಮನೆಯವರೂ ಸೇರುವ ಹೊತ್ತಿಗೆ, ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ನು. ಪುಡಿಯನ್ನು ನಾನು ತುಂಬುತ್ತೇನೆ, ಎಷ್ಟು ಒತ್ತಬೇಕೆಂದು ಅವಳು ಕುರ್ಚಿಯಲ್ಲಿ ಕೂತು ಹೇಳುತ್ತಾಳೆ. ಮೊನ್ನೆ ಮೊದಲ ಬಾರಿಗೆ ನನ್ನ ಲೋಟವನ್ನು ಪೂರ್ತಿ ಕುಡಿದಿಟ್ಟು, ‘ರೀ, ನೊರೆ ಪರವಾಗಿಲ್ಲ. ನಾಳೆ ಇನ್ನೊಂಚೂರು ಬಿಸಿ ಇರಲಿ’ ಎಂದಳು.