ಯಜಮಾನನಿಲ್ಲದ ಮನೆಯ ಕಟ್ಟಳೆ



ನಮ್ಮ ಸಂಘದ ವಿದ್ಯಾನಿಧಿಯ ಮಾತು ಈಗ ಮನೆಮನೆಯಲ್ಲಿ ನಡೆದಿದೆ. ಪಿಂಪಳಗಾಂವ್ ಬಸವಂತ್, ಓಝರ, ನಾಸಿಕ, ಛತ್ರಪತಿ ಸಂಭಾಜಿನಗರ, ಹೀಗೆ ನಾಲ್ಕು ಕಡೆ ಚೆದರಿ ನಿಂತ ಕನ್ನಡ ಕುಟುಂಬಗಳು ತಿಂಗಳು ತಿಂಗಳು ಕೂಡಿಹಾಕುವ ಹಣದಿಂದ ನಮ್ಮ ಮಕ್ಕಳ ಓದಿಗೆ ನೆರವಾಗಬೇಕು ಎಂಬುದು ಉದ್ದೇಶ. ಉದ್ದೇಶದ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು ಅದನ್ನು ನಡೆಸುವ ಬಗೆಯಲ್ಲಿ.

ನಮ್ಮ ತರುಣರು ಒಂದು ಹೊಸ ಸೂಚನೆ ತಂದಿದ್ದಾರೆ. ಅಧ್ಯಕ್ಷರು ಬೇಡ, ಕಾರ್ಯದರ್ಶಿ ಬೇಡ, ಖಜಾಂಚಿಯೂ ಬೇಡ. ನಿಯಮಗಳನ್ನು ಗಣಕಯಂತ್ರದ ಭಾಷೆಯಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ಸದಸ್ಯರು ಇದ್ದಲ್ಲಿಂದಲೆ ಮೊಬೈಲಿನಲ್ಲಿ ಮತ ಕೊಡುವರು. ಮತ ಹೆಚ್ಚು ಬಿದ್ದ ಕಡೆಗೆ ಹಣ ತಾನಾಗಿ ಹೋಗುವುದು. ಯಾರು ಎಷ್ಟು ಹಣ ಹಾಕಿದ್ದಾರೋ ಅವರಿಗೆ ಅಷ್ಟು ಮತ. ಇಂಥ ಏರ್ಪಾಟಿಗೆ ವಿಕೇಂದ್ರಿತ ಸ್ವಾಯತ್ತ ಸಂಸ್ಥೆ ಎಂದು ದೊಡ್ಡ ಹೆಸರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ 'ಡಾವ್' ಎಂದು ಚಿಕ್ಕ ಹೆಸರು. ಮರಾಠಿಯಲ್ಲಿ ಡಾವ ಎಂದರೆ ಆಟ, ಪಟ್ಟು ಎಂದು ಅರ್ಥವಾಗುವುದರಿಂದ ನೆರೆಯವರು ಕೇಳಿ ನಕ್ಕಿದ್ದೂ ಉಂಟು. ಹಿರಿಯರಾದರೋ "ಹಿರಿಯರಿಲ್ಲದ ಮನೆಯಲ್ಲ, ಗುರುವಿಲ್ಲದ ಮಠವಲ್ಲ" ಎಂಬ ಗಾದೆಯನ್ನು ಮುಂದಿಟ್ಟು ಸುಮ್ಮನಾಗಿದ್ದಾರೆ.

ಸರಕಾರಿ ಕಚೇರಿಯಲ್ಲಿ ಫಾಯಿಲು ಹೊರುವ ಕಾಯಕದ ನಮಗೆ ತರುಣರ ಆಸೆ ಅರ್ಥವಾಗದೆ ಇಲ್ಲ. ಎಲ್ಲ ಕೆಲಸವೂ ಒಬ್ಬರ ಸಹಿಗೆ ಕಾದಿರುವಲ್ಲಿ, ಆ ಒಬ್ಬರು ರಜೆಯ ಮೇಲೆ ಹೋದರೆ ಫಾಯಿಲೂ ರಜೆಯ ಮೇಲೆ ಹೋಗುತ್ತದೆ. ಆದರೆ ಹಿರಿಯರ ಅಂಜಿಕೆಯೂ ಹುಸಿಯಲ್ಲ. ಯಜಮಾನನಿಲ್ಲದ ಮನೆಯಲ್ಲಿ ಕಟ್ಟಳೆಯೇ ಯಜಮಾನ. ಆದುದರಿಂದ ಆ ಕಟ್ಟಳೆಯನ್ನು ಯಾರು, ಯಾರ ಕಡೆ ನೋಡಿ ಬರೆಯಬೇಕು ಎಂಬುದೇ ಮುಖ್ಯ ಪ್ರಶ್ನೆ.

ಈ ಬಗೆಯ ಸಂಸ್ಥೆಗಳ ಪೈಕಿ ಮೊದಲು ಹೆಸರಾದುದರ ಕಥೆಯನ್ನು ಇಲ್ಲಿ ಹೇಳಬೇಕು. 2016ರಲ್ಲಿ 'ದಿ ಡಾವ್' ಎಂಬ ಹೆಸರಿನಿಂದಲೆ ಒಂದು ಸಂಸ್ಥೆ ಹುಟ್ಟಿತು. ಇಥೀರಿಯಮ್ ಎಂಬ ಗಣಕ ಲೆಕ್ಕಪುಸ್ತಕದ ಮೇಲೆ ಅದರ ವ್ಯವಹಾರ. ನಾನಾ ದೇಶಗಳ ಸಾವಿರಾರು ಜನ ಕೆಲವೇ ವಾರಗಳಲ್ಲಿ ಸುಮಾರು 15 ಕೋಟಿ ಡಾಲರು ಬೆಲೆಯ ಹಣ ತುಂಬಿದರು. ಬರೆದ ನಿಯಮವೇ ಅಂತಿಮ, ಮನುಷ್ಯರ ಮಾತು ಅದರ ಮೇಲಿಲ್ಲ ಎಂಬುದು ಅದರ ಹೆಮ್ಮೆ. ನಿಯಮಗಳಲ್ಲಿ ದೋಷಗಳಿವೆ, ಸ್ವಲ್ಪ ತಡೆಯಿರಿ ಎಂದು ಕೆಲವು ತಜ್ಞರು ಮೇ ತಿಂಗಳಲ್ಲಿಯೆ ಎಚ್ಚರಿಸಿದ್ದರು. ತಡೆಯುವ ಅಧಿಕಾರ ಯಾರಿಗಿತ್ತು? ಜೂನ್ 17ರಂದು ಯಾರೋ ಒಬ್ಬ ಚತುರನು ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು, ಅಂದರೆ ಗಂಟಿನ ಮೂರರಲ್ಲೊಂದು ಪಾಲನ್ನು, ಪಕ್ಕದ ಖಾತೆಗೆ ಹರಿಸಿಕೊಂಡುಬಿಟ್ಟನು.

ಅವನು ಮಾಡಿದ ಉಪಾಯ ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ತಿಳಿಯುವಂಥದು. ಖಜಾಂಚಿಯು ಮೊದಲು ಹಣ ಎಣಿಸಿ ಕೊಟ್ಟು, ಆಮೇಲೆ ಪುಸ್ತಕದಲ್ಲಿ ಖರ್ಚು ಬರೆಯುವ ಪದ್ಧತಿ ಇಟ್ಟುಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಲೇಖಣಿ ಎತ್ತುವುದರೊಳಗೆ ಹಣ ಪಡೆದವನು ಮತ್ತೆ ಕೈಯೊಡ್ಡಿದರೆ? ಪುಸ್ತಕದಲ್ಲಿ ಬಾಕಿ ಹಾಗೆಯೇ ಕಾಣುತ್ತದೆ. ಖಜಾಂಚಿ ಮತ್ತೆ ಕೊಡುತ್ತಾನೆ. ಆ ಗಣಕದ ನಿಯಮದಲ್ಲಿದ್ದ ತೂತು ಇದೇ. ಮನುಷ್ಯ ಖಜಾಂಚಿಯಾಗಿದ್ದರೆ ಎರಡನೆಯ ಸಲ ಮುಖವೆತ್ತಿ ನೋಡುತ್ತಿದ್ದನು. ಯಂತ್ರಕ್ಕೆ ಮುಖವಿಲ್ಲ.

ಅದೃಷ್ಟವಶಾತ್ ಆ ಹಣವನ್ನು ಕೆಲವು ವಾರಗಳ ವರೆಗೆ ಹೊರಗೆ ಒಯ್ಯುವಂತಿರಲಿಲ್ಲ. ಆ ಅವಧಿಯಲ್ಲಿ ದೊಡ್ಡ ವಾದವೆದ್ದಿತು. ಕಟ್ಟಳೆಯಂತೆ ನಡೆದುದು ಕಳವು ಹೇಗಾದೀತು ಎಂದರು ಕೆಲವರು. ಕಳವು ಕಳವೇ ಎಂದರು ಉಳಿದವರು. ಕೊನೆಗೆ ಜುಲೈ 20ರಂದು ಬಹುಜನರು ಲೆಕ್ಕಪುಸ್ತಕವನ್ನೇ ತಿದ್ದಿ ಹಣವನ್ನು ಹಿಂದಿರುಗಿಸುವ ಏರ್ಪಾಟು ಮಾಡಿದರು. ಒಪ್ಪದವರು ಹಳೆಯ ಪುಸ್ತಕವನ್ನೇ ಹಿಡಿದು ಬೇರೆಯಾದರು. ಒಂದು ಮನೆ ಎರಡಾಯಿತು. ಮನುಷ್ಯರ ಮಾತು ಬೇಡವೆಂದು ಹೊರಟವರು ಕಡೆಗೆ ಮನುಷ್ಯರ ಮಾತಿಗೇ ಬಂದರು. ಆದರೆ ಆ ಮಾತು ಹೇಗೆ ನಡೆಯಬೇಕೆಂದು ಮೊದಲೆ ಬರೆದುಕೊಂಡಿರಲಿಲ್ಲ.

ಒಡೆಯನಿಲ್ಲದೆ ಕೂಡಿ ನಡೆಯುವ ವಿದ್ಯೆ ಹೊಸದೆಂದು ಯಾರೂ ತಿಳಿಯಬಾರದು. ಅದರ ಒಂದು ಬೇರು ನಮ್ಮ ನಾಡಿನಲ್ಲಿಯೇ ಇದೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘವು ಭಾರತದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಆಗ ಗದಗೂ ನಾಸಿಕವೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1904ರ ಕಾಯಿದೆಯಂತೆ ಹಳ್ಳಿಯ ಹತ್ತು ಜನ ಸೇರಿದರೆ ಸಂಘ ಮಾಡಬಹುದಿತ್ತು. ಗ್ರಾಮೀಣ ಪತ್ತಿನ ಸಂಘಗಳಲ್ಲಿ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಎಲ್ಲರ ಮೇಲೂ ಭಾರ. ಕೇಳಲು ಕಠಿಣವೆನಿಸಿದರೂ ಇದರಲ್ಲಿ ಒಂದು ಜಾಣತನವಿತ್ತು. ಎತ್ತಿಗೆಂದು ಸಾಲ ಪಡೆದವನು ಎತ್ತನ್ನೇ ತಂದನೋ ಎಂದು ನೋಡಲು ಬೇರೆ ತನಿಖಾಧಿಕಾರಿ ಬೇಕಿರಲಿಲ್ಲ. ನೆರೆಯವನ ಕಣ್ಣೇ ಸಾಕಿತ್ತು.

ಅಷ್ಟು ದೂರ ಏಕೆ? ನಮ್ಮ ಬಾಗಿಲಲ್ಲಿಯೇ ಮತ್ತೊಂದು ಉದಾಹರಣೆ ಇದೆ. ಪಿಂಪಳಗಾಂವದಿಂದ ನಾಸಿಕಕ್ಕೆ ಹೋಗುವ ದಾರಿಯಲ್ಲಿ ಓಝರ ಸಿಕ್ಕುತ್ತದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಎಚ್.ಎ.ಎಲ್. ಸಂಸ್ಥೆಯ ವಿಮಾನ ಕಾರ್ಖಾನೆ 1964ರಿಂದ ಅಲ್ಲಿರುವುದರಿಂದ ನಮ್ಮವರಿಗೆ ಓಝರ ಎಂದರೆ ಕಾರ್ಖಾನೆ. ಆದರೆ ನೀರಾವರಿಯ ಮಂದಿಗೆ ಓಝರ ಎಂದರೆ ವಾಘಾಡ ಕಾಲುವೆಯ ಕೊನೆ. ದಿಂಡೋರಿ ತಾಲೂಕಿನ ವಾಘಾಡ ಜಲಾಶಯದಿಂದ ಹೊರಟ ನೀರು ಮೇಲಿನ ಹೊಲಗಳಲ್ಲಿಯೇ ಮುಗಿದು, ಓಝರದ ಕಡೆಗೆ ಬರುವ ಹೊತ್ತಿಗೆ ಕಾಗದದಲ್ಲಷ್ಟೇ ಉಳಿಯುತ್ತಿತ್ತು. ಬಾಪೂ ಉಪಾಧ್ಯೆ, ಭರತ ಕಾವಳೆ ಮೊದಲಾದವರು ಸಮಾಜ ಪರಿವರ್ತನ ಕೇಂದ್ರದ ಮೂಲಕ 1990ರ ಸುಮಾರಿಗೆ ಈ ಕೊನೆಯ ರೈತರನ್ನೇ ಕೂಡಿಸಿ ಮೂರು ನೀರು ಬಳಕೆದಾರರ ಸಂಘಗಳನ್ನು ಕಟ್ಟಿದರು. ಇಲಾಖೆಯು ಸಂಘಕ್ಕೆ ನೀರನ್ನು ಅಳೆದು ಕೊಡಬೇಕು. ಸಂಘವು ಅದನ್ನು ತನ್ನೊಳಗೆ ಹಂಚಿಕೊಂಡು ಹಣ ವಸೂಲು ಮಾಡಬೇಕು. ಕೊನೆಯವರಿಗೆ ನೀರು ಮುಟ್ಟಿದ್ದನ್ನು ಕಂಡು ಮೇಲಿನವರೂ ಸಂಘ ಮಾಡಿಕೊಂಡರು. 2003ರಲ್ಲಿ ಈ ಸಂಘಗಳೆಲ್ಲ ಕೂಡಿ ಇಡೀ ಯೋಜನೆಗೆ ಒಂದು ಮಹಾಸಂಘವಾಯಿತು.

2005ರಲ್ಲಿ ಮಹಾರಾಷ್ಟ್ರ ಸರಕಾರವು ರೈತರಿಂದ ನೀರಾವರಿ ವ್ಯವಸ್ಥಾಪನೆ ಎಂಬ ಕಾಯಿದೆ ಮಾಡಿತು. ಅದರಲ್ಲಿ ನಮ್ಮ ಮನಸ್ಸನ್ನು ಹಿಡಿದ ಒಂದು ಮಾತು ಇದು: ಸಂಘದ ಆಡಳಿತ ಮಂಡಲಿಯಲ್ಲಿ ಕಾಲುವೆಯ ತಲೆ, ನಡು, ಕೊನೆ, ಈ ಮೂರೂ ಕಡೆಯ ರೈತರಿಗೆ ಸಮನಾದ ಸ್ಥಾನಗಳಿರಬೇಕು. ತಲೆಯ ಕಡೆ ಇರುವವನು ಸ್ವಭಾವತಃ ಕೆಟ್ಟವನೆಂದಲ್ಲ. ಅವನ ಹೊಲದ ಮುಂದೆ ನೀರು ಸದಾ ಹರಿಯುತ್ತಿರುತ್ತದೆ. ಕೊನೆಯಲ್ಲಿ ಬತ್ತಿದ್ದು ಅವನ ಕಣ್ಣಿಗೆ ಬೀಳುವುದಿಲ್ಲ. ಬತ್ತಿದವನೇ ಮಂಡಲಿಯಲ್ಲಿ ಎದುರು ಕುಳಿತಿದ್ದರೆ ಬೀಳಲೇಬೇಕು.

ಇನ್ನೂ ಹಿಂದಕ್ಕೆ ಹೋದರೆ, ನಾಸಿಕ ಜಿಲ್ಲೆಯ ಬಾಗಲಾಣದಲ್ಲಿಯೂ ಧುಳೆಯ ಕಡೆಯಲ್ಲಿಯೂ ಫಡ್ ಎಂಬ ಪದ್ಧತಿ ಮೂರು-ನಾಲ್ಕು ನೂರು ವರ್ಷಗಳಿಂದ ಬಂದುದಾಗಿದೆ. ಹೊಳೆಗೆ ಅಡ್ಡಲಾಗಿ ಚಿಕ್ಕ ಒಡ್ಡು. ಊರಿನ ಹೊಲಗಳು ಕೆಲವು ಫಡ್‌ಗಳಾಗಿ ಭಾಗ. ಒಂದು ಫಡ್‌ನಲ್ಲಿ ಒಂದು ಹಂಗಾಮಿಗೆ ಎಲ್ಲರದೂ ಒಂದೇ ಬೆಳೆ. ಯಾವ ಫಡ್‌ಗೆ ಯಾವ ಬೆಳೆ ಎಂದು ನಿರ್ಣಯಿಸುವವರು ಊರವರು. ನೀರು ತಿರುಗಿಸಲು ಪಾಟಕರಿ ಎಂಬ ಆಳು. ತೂಬು ಅವನ ಕೈಯಲ್ಲಿದ್ದರೂ ಅವನು ಒಡೆಯನಲ್ಲ; ರೈತರು ಕೂಡಿ ಕೊಡುವ ಕಾಳಿನ ಮೇಲೆ ಇರುವವನು. ಯಜಮಾನನಿಲ್ಲದಿರುವುದು ಎಂದರೆ ಕೆಲಸಗಾರನಿಲ್ಲದಿರುವುದು ಎಂದಲ್ಲ. ಈ ಭೇದವನ್ನು ನಮ್ಮ ತರುಣರು ಅಗತ್ಯವಾಗಿ ಗಮನಿಸಬೇಕು.

ಅಮೇರಿಕದ ಎಲಿನೋರ್ ಆಸ್ಟ್ರಮ್ ಎಂಬ ವಿದುಷಿ ಸ್ವಿಸ್ ದೇಶದ ಹುಲ್ಲುಗಾವಲು, ಸ್ಪೇನಿನ ಮತ್ತು ಫಿಲಿಪ್ಪೀನ್ಸಿನ ಕಾಲುವೆ, ಇಂಥವನ್ನೆಲ್ಲ ಪರೀಕ್ಷಿಸಿ, ನೂರಾರು ವರ್ಷ ಬಾಳಿದ ಕೂಟಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಎಂಟು ತತ್ವಗಳನ್ನು 1990ರ ತಮ್ಮ ಗ್ರಂಥದಲ್ಲಿ ಎತ್ತಿ ಹೇಳಿದರು. ಅದೇ ವಿಷಯದ ಸಾಧನೆಗಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಮೊದಲ ಮಹಿಳೆಯಾದರು. ಎಂಟನ್ನೂ ಇಲ್ಲಿ ಬಿಡಿಸಲು ಸ್ಥಳ ಸಾಲದು. ನಮ್ಮ ನಿಧಿಗೆ ತಕ್ಕವೆಂದು ತೋರಿದ ಐದು ಮಾತುಗಳನ್ನಷ್ಟೇ ನಮ್ಮ ರೀತಿಯಲ್ಲಿ ಮುಂದಿಡುತ್ತೇವೆ.

ಮೊದಲನೆಯದು, ಯಾರು ಸದಸ್ಯರು, ಯಾರ ಮಕ್ಕಳಿಗೆ ನೆರವು ಎಂಬುದು ಸ್ಪಷ್ಟವಾಗಿರಲಿ. ಮೊದಲ ರೂಪಾಯಿ ಬೀಳುವ ಮುನ್ನವೆ ಇದನ್ನು ಬರೆಯಬೇಕು. ಅರ್ಜಿ ಬಂದ ಮೇಲೆ ಬರೆದ ನಿಯಮವು ಅರ್ಜಿದಾರನ ಮುಖ ನೋಡಿಯೇ ಹುಟ್ಟುತ್ತದೆ.

ಎರಡನೆಯದು, ಮತ ತಲೆಗೊಂದು, ರೂಪಾಯಿಗೊಂದಲ್ಲ. ತರುಣರ ಸೂಚನೆಯಲ್ಲಿ ನಾವು ಒಪ್ಪಲಾರದ ಅಂಶ ಇದೊಂದೇ. ತಿಂಗಳಿಗೆ 5000 ರೂಪಾಯಿ ಹಾಕಬಲ್ಲ ಮನೆಯೂ ನಮ್ಮಲ್ಲಿದೆ, 100 ರೂಪಾಯಿಗೆ ಎರಡು ಸಲ ಯೋಚಿಸುವ ಮನೆಯೂ ಇದೆ. ರೂಪಾಯಿಗೆ ಮತವಾದರೆ ನಿಧಿಯ ಅಗತ್ಯವಿಲ್ಲದವರೇ ನಿಧಿಯನ್ನು ಆಳುವರು. ಹೆಚ್ಚು ಕೊಡುವವರ ಔದಾರ್ಯಕ್ಕೆ ನಮ್ಮ ನಮಸ್ಕಾರವಿದೆ. ಆದರೆ ಔದಾರ್ಯಕ್ಕೆ ಪ್ರತಿಯಾಗಿ ಅಧಿಕಾರ ಕೊಟ್ಟರೆ ಅದು ಔದಾರ್ಯವಾಗಿ ಉಳಿಯುವುದಿಲ್ಲ.

ಮೂರನೆಯದು, ಲೆಕ್ಕ ನೋಡುವ ಕಣ್ಣು ನಮ್ಮದೇ ಆಗಿರಲಿ. ತಿಂಗಳ ಲೆಕ್ಕ ಪ್ರತಿ ಮನೆಗೂ ಮುಟ್ಟಲಿ. ಸರದಿಯ ಮೇಲೆ ಇಬ್ಬರು ಅದನ್ನು ತಾಳೆ ನೋಡಲಿ. ತಪ್ಪಿದವರಿಗೆ ಶಿಕ್ಷೆಯು ಮೆಟ್ಟಿಲು ಮೆಟ್ಟಿಲಾಗಿರಲಿ. ಎರಡು ತಿಂಗಳ ವರ್ಗಣಿ ನಿಂತೊಡನೆ ಹೆಸರು ಹೊಡೆಯುವುದು ಯಂತ್ರದ ನ್ಯಾಯ. ಮನೆಗೆ ಹೋಗಿ, "ಏನಪ್ಪಾ, ಎಲ್ಲ ಸೌಖ್ಯವೆ?" ಎಂದು ಕೇಳುವುದು ಸಂಘದ ನ್ಯಾಯ. ವರ್ಗಣಿ ನಿಂತ ಮನೆಗೇ ನೆರವು ಬೇಕಾಗಿರಬಹುದಲ್ಲವೆ?

ನಾಲ್ಕನೆಯದು, ಕಟ್ಟಳೆಯಲ್ಲಿಯೇ ಅದನ್ನು ತಿದ್ದುವ ದಾರಿಯೂ, ಅಪಾಯ ಕಂಡಾಗ ಹಣವನ್ನು ತಡೆಹಿಡಿಯುವ ದಾರಿಯೂ ಇರಲಿ. ದೊಡ್ಡ ಮೊತ್ತ ಹೊರಡುವ ಮೊದಲು ಏಳು ದಿನ ತಡೆ. ನಾಲ್ಕು ಊರುಗಳ ಪೈಕಿ ಯಾವುದಾದರೂ ಒಂದು ಆಕ್ಷೇಪಿಸಿದರೆ ಮರುವಿಚಾರ. 2016ರಲ್ಲಿ ಅವರು ವಾರಗಟ್ಟಲೆ ಜಗಳವಾಡಿ ಕಲಿತ ಪಾಠ ನಮಗೆ ಒಂದು ಸಾಲಿನ ಬರಹದಲ್ಲಿ ದೊರೆಯುತ್ತದೆ.

ಐದನೆಯದು, ಊರಿನ ಕೆಲಸ ಊರಿನಲ್ಲಿಯೇ ಮುಗಿಯಲಿ. ಪಿಂಪಳಗಾಂವದ ಮಗುವಿನ ಪುಸ್ತಕದ ಖರ್ಚಿಗೆ ಸಂಭಾಜಿನಗರದವರ ಮತ ಏಕೆ ಬೇಕು? ಚಿಕ್ಕದು ಊರಿಗೆ, ದೊಡ್ಡದು ಒಕ್ಕೂಟಕ್ಕೆ. ಒಕ್ಕೂಟದಲ್ಲಿ ಮನೆಗಳು ಕಡಿಮೆಯಿರುವ ಊರಿಗೂ ಸಮನಾದ ಸ್ಥಾನವಿರಲಿ. ವಾಘಾಡದ ಪಾಠವೂ ಇದೇ.

ಇಷ್ಟೆಲ್ಲ ಬರೆದರೂ ಒಂದು ತೊಡಕು ಉಳಿಯುತ್ತದೆ. ಯಜಮಾನ ಬೇಡವೆಂದ ಕೂಟಗಳಲ್ಲಿ ಕಾಲಕ್ರಮದಲ್ಲಿ ಕೆಲಸವೆಲ್ಲ ಒಬ್ಬ ಪುಣ್ಯಾತ್ಮನ ಹೆಗಲೇರುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆಯಲ್ಲವೆ? ಹೊರೆ ಹೊತ್ತವನು ದಣಿದು ಕೆಳಗಿಟ್ಟ ದಿನ ನಿಧಿಯೂ ಕೆಳಗೆ ಬೀಳುತ್ತದೆ. ಇಲ್ಲವೆ, ಹೊತ್ತು ಹೊತ್ತು ಅವನೇ ಹೇಳದೆ ಕೇಳದೆ ಯಜಮಾನನಾಗುತ್ತಾನೆ. ಮತ ಕೊಡುವುದಷ್ಟೇ ಸದಸ್ಯತ್ವವೆಂದು ತಿಳಿದರೆ ಇದಕ್ಕೆ ಮದ್ದಿಲ್ಲ. ವರ್ಷಕ್ಕೆ ಒಂದು ತಿಂಗಳಾದರೂ ಪ್ರತಿ ಮನೆಯೂ ಪಾಟಕರಿಯ ಕೆಲಸ ಮಾಡಬೇಕಾದೀತು.

ಮುಂದಿನ ಸರ್ವಸಾಧಾರಣ ಸಭೆಗೆ ಕರಡು ಕಟ್ಟಳೆ ಬರಲಿದೆ. ತರುಣರ ಮೊಬೈಲು ಇರಲಿ, ಹಿರಿಯರ ಗಾದೆಯೂ ಇರಲಿ. ನಮ್ಮ ಬೇಡಿಕೆ ಒಂದೇ. ಕರಡನ್ನು ಮೊದಲು ಓದಬೇಕಾದವರು ಅತಿ ಕಡಿಮೆ ವರ್ಗಣಿ ಕೊಡುವ, ಅತಿ ದೂರದಲ್ಲಿರುವ, ಸಭೆಯಲ್ಲಿ ಬಾಯಿ ಬಿಡದ ಮನೆಯವರು. ಅವರು ಓದಿ, "ಹೌದು, ಇದರಲ್ಲಿ ನಮಗೂ ಪಾಲುಂಟು" ಎಂದರೆ ಉಳಿದವರು ಕಣ್ಣುಮುಚ್ಚಿ ಸಹಿ ಹಾಕಬಹುದು. ನೀರು ಕಾಲುವೆಯ ಕೊನೆಯ ಹೊಲವನ್ನು ಮುಟ್ಟಿತೆಂದರೆ ನಡುವಿನ ಹೊಲಗಳನ್ನು ದಾಟಿಯೇ ಬಂದಿರುತ್ತದೆ.