ಶಾಲ್ಮಲೆಯ ಬೆನ್ನು ಹಿಡಿದು ಕಡಲಿಗೆ

ಬೇಲೂರು ಎಂದೊಡನೆ ಶಿಲಾಬಾಲಿಕೆಯರನ್ನು ನೆನೆಯುವ ವಾಚಕರಿಗೆ ಮೊದಲೇ ಒಂದು ಮಾತು. ನಾನು ಹೇಳಹೊರಟಿರುವುದು ಹೊಯ್ಸಳರ ಬೇಲೂರಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಬೇಲೂರು ಕೈಗಾರಿಕಾ ಪ್ರದೇಶ. ಇಲ್ಲಿ ಕಲ್ಲನ್ನು ಕಡೆಯುವುದಿಲ್ಲ, ತಗಡನ್ನು ಬಾಗಿಸುತ್ತಾರೆ. ವೆನಿಸಿನ ಯಾತ್ರಿಕ ಮಾರ್ಕೊ ಪೋಲೋನ ಹೆಸರನ್ನು ಹೊತ್ತು ಆರಂಭವಾದ ಬಸ್ಸಿನ ಕಾರ್ಖಾನೆ ಇರುವುದೂ ಇಲ್ಲಿಯೇ.

ಈ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುವ ನಾಲ್ವರು ತರುಣರು ನನ್ನ ಹಳೆಯ ವಿದ್ಯಾರ್ಥಿಗಳು. ಅವರಲ್ಲೊಬ್ಬ ಒಂದು ಸಂಜೆ ಮನೆಗೆ ಬಂದು, "ಸರ, ಊರೂರಿಗೆ ಹೋಗೋ ಬಸ್ಸಿಗೆ ದಿನಾ ಕಿಟಕಿ ಕೂಡಸ್ತೀವಿ; ನಾವು ಮಾತ್ರ ಇನ್ನೂ ಸಮುದ್ರ ನೋಡಿಲ್ರೀ" ಎಂದ. ಆ ಮಾತು ನನ್ನನ್ನು ಚುಚ್ಚಿತು. ತರಗತಿಯಲ್ಲಿ ಸಮುದ್ರವರ್ಣನೆಯ ಪದ್ಯಗಳನ್ನು ಎಷ್ಟೋ ಸಲ ಬಿಡಿಸಿ ಹೇಳಿದವನು ನಾನು! ಚಳಿಗಾಲದ ಒಂದು ಶನಿವಾರ, ನಸುಕಿನಲ್ಲಿ, ಬಾಡಿಗೆಯ ವಾಹನವೊಂದರಲ್ಲಿ ನಾವು ಐವರೂ ಗೋಕರ್ಣಕ್ಕೆ ಹೊರಟೆವು.

ಹೊರಡುವ ಮುನ್ನ ಸೋಮೇಶ್ವರ ಗುಡಿಯ ಬಳಿ ವಾಹನವನ್ನು ನಿಲ್ಲಿಸಿದೆ. ಶಾಲ್ಮಲೆ ಹುಟ್ಟುವುದು ಅಲ್ಲಿ. ಈ ಸಣ್ಣ ತೊರೆಯೇ ತೆಂಕಣಕ್ಕೆ ಹರಿದು, ಬೇಡ್ತಿಯಲ್ಲಿ ಕೂಡಿ, ಘಟ್ಟವನ್ನು ಧುಮುಕಿ, ಗಂಗಾವಳಿ ಎಂಬ ಹೆಸರು ಪಡೆದು ಗೋಕರ್ಣದ ಬಡಗಣಕ್ಕೆ ಕಡಲನ್ನು ಸೇರುತ್ತದೆ. "ನಮ್ಮ ಊರಿನ ನೀರು ನಮಗಿಂತ ಮುಂಚೆ ಸಮುದ್ರ ನೋಡಿದೆ, ಅದರ ಬೆನ್ನು ಹಿಡಿದು ಹೋಗೋಣ" ಎಂದೆ. ಮಾತು ಚೆನ್ನಾಗಿ ಬಂದಿತೆಂದು ಒಳಗೊಳಗೇ ಹಿಗ್ಗಿದೆನೆಂಬುದನ್ನೂ ಮುಚ್ಚಿಡಲಾರೆ.

ಪ್ರವಾಸವೆಂದರೆ ಅರ್ಧ ಊಟವಷ್ಟೆ! ಕೈಚೀಲದಲ್ಲಿ ಧಾರವಾಡ ಪೇಡೆ ಇದ್ದೇ ಇತ್ತು. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯಲ್ಲಿ ಗಿರಮಿಟ್ಟು, ಮಿರ್ಚಿ, ಅದರ ಮೇಲೊಂದು ಚಹ. ಅಲ್ಲಿಂದ ಮುಂದೆ ಬಯಲು ತೀರಿ ಕಾಡು ಮೊದಲಾಗುತ್ತದೆ. ಜೋಳದ ರೊಟ್ಟಿಯ ಸೀಮೆ ಹಿಂದುಳಿದು ಅನ್ನದ ಸೀಮೆ ಎದುರಾಗುತ್ತದೆ. ಯಲ್ಲಾಪುರದ ಖಾನಾವಳಿಯೊಂದರಲ್ಲಿ ಅಪ್ಪೆಹುಳಿಯನ್ನು ಬಟ್ಟಲಿನಿಂದಲೇ ಕುಡಿದೆವು. ಕಬ್ಬಿನ ಹಾಲನ್ನು ಸೇರಿಸಿ, ಕಾದ ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳ್ಳಗೆ ಎರೆದ ತೊಡದೇವನ್ನು ಕಂಡ ತರುಣನೊಬ್ಬ, ಇದನ್ನು ತಿನ್ನಬೇಕೋ ಓದಬೇಕೋ ಎಂದು ಕೇಳಿದ.

ಯಲ್ಲಾಪುರದಿಂದ ಸುಮಾರು 20 ಕಿಲೋಮೀಟರು ಒಳಗೆ ಸರಿದರೆ ಮಾಗೋಡು. ಬೇಡ್ತಿ ಇಲ್ಲಿ ಎರಡು ನೆಗೆತಗಳಲ್ಲಿ ಸುಮಾರು 200 ಮೀಟರು ಕೆಳಗಿಳಿಯುತ್ತಾಳೆ. ಎದುರಿನ ದಿಬ್ಬದಿಂದ ನೋಡಬೇಕು. ನೀರು ಬೀಳುವುದು ಮೊದಲು ಕಣ್ಣಿಗೆ, ಅದರ ಸದ್ದು ಅನಂತರ ಕಿವಿಗೆ. ಮರಳಿ ಹೆದ್ದಾರಿಗೆ ಬಂದು ಅರಬೈಲು ಘಟ್ಟವನ್ನಿಳಿದು ಅಂಕೋಲೆಯನ್ನು ಮುಟ್ಟುವಷ್ಟರಲ್ಲಿ ಗಾಳಿಗೆ ಉಪ್ಪಿನ ರುಚಿ ಬಂದಿತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಊರದು. ಹುಡುಗರು ಬಂಗಡೆ ಮೀನಿನ ಊಟ ಮಾಡಿದರು. ನಾನು ಮುರುಗಲಿನ ಪಾನಕದಿಂದ ತೃಪ್ತನಾದೆ.

ಅಂಕೋಲೆಯಿಂದ ತೆಂಕಣಕ್ಕೆ ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಶಿರೂರು. 2024ರ ಜುಲೈ 16ರ ಬೆಳಿಗ್ಗೆ, ಎಡೆಬಿಡದ ಮಳೆಯಲ್ಲಿ, ರಸ್ತೆಯ ವಿಸ್ತರಣೆಗಾಗಿ ಬುಡ ಕಡಿದಿದ್ದ ಗುಡ್ಡವು ಇಲ್ಲಿ ಕುಸಿದು, ಹೆದ್ದಾರಿಯನ್ನು ದಾಟಿ ಗಂಗಾವಳಿಯೊಳಕ್ಕೆ ನುಗ್ಗಿತು. ಹಾದಿಹೋಕರಿಗೆ ಚಹ ತಿಂಡಿ ಕೊಡುತ್ತಿದ್ದ ಅಂಗಡಿಯೊಂದು, ಅದನ್ನು ನಡೆಸುತ್ತಿದ್ದ ಕುಟುಂಬದೊಡನೆ ಹೋಯಿತು. ಕೇರಳದ ಲಾರಿ ಚಾಲಕನೊಬ್ಬನ ಕಳೇಬರ ನದಿಯ ತಳದಿಂದ ಮೇಲೆ ಬಂದುದು ಎರಡು ತಿಂಗಳು ಕಳೆದ ಮೇಲೆ. ವಾಹನದಲ್ಲಿ ಮಾತು ನಿಂತಿತು. ನಸುಕಿನಲ್ಲಿ ನಾವು ತೊರೆಯಾಗಿ ಕಂಡಿದ್ದ ನೀರೇ ಇಲ್ಲಿ ಅಗಲವಾಗಿ, ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ದಾರಿಯಲ್ಲಿ ನಮಗೆ ಉಣಿಸುವವರು, ನಾವು ಕ್ಷಣದಲ್ಲಿ ದಾಟಿಹೋಗುವ ಅಪಾಯದೊಳಗೇ ಬಾಳುವವರು.

ಸಂಜೆಗೆ ಗೋಕರ್ಣದ ಸಮೀಪದ ಕಡಲಂಚನ್ನು ಸೇರಿದೆವು. ಮೀನುಗಾರ ವೃದ್ಧರೊಬ್ಬರು ತಮ್ಮ ತೆಂಗಿನ ಹಿತ್ತಿಲಿನಲ್ಲಿ ಗುಡಾರ ಹಾಕಲು ಅನುಮತಿ ಕೊಟ್ಟರು. ಹಿತ್ತಿಲು ಮುಗಿದಲ್ಲಿಂದ ಮರಳು. ಮರಳು ಮುಗಿದಲ್ಲಿಂದ ಅರಬ್ಬಿ ಸಮುದ್ರ. ಕಿಟಕಿ ಕೂಡಿಸುವ ತರುಣ ಮೊದಲ ತೆರೆ ಪಾದವನ್ನು ಮುಟ್ಟಿದಾಗ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದು, ಗುಡಿಯ ಮುಂದೆ ನಿಂತವನಂತೆ ನಿಂತುಬಿಟ್ಟ.

ಕತ್ತಲಾದ ಮೇಲೆ ವೃದ್ಧರು ಬಂದು ದೀಪಗಳನ್ನು ಆರಿಸಹೇಳಿದರು. ಚಳಿಗಾಲದಲ್ಲಿ ಈ ಕರೆಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿಗಳು ಬೆಳಕಿನತ್ತ ತೆವಳುತ್ತವೆ. ಕಡಲ ಮೇಲಿನ ಬಾನ ಬೆಳಕು ಅವಕ್ಕೆ ದಾರಿ; ನಮ್ಮ ದೀಪ ದಾರಿ ತಪ್ಪಿಸುವ ಮಾಯೆ. ದೀಪವನ್ನಾರಿಸಿ ನಕ್ಷತ್ರಗಳ ಕೆಳಗೆ ಕುಳಿತೆವು. ಎದ್ದು ಹೋಗುವಾಗ ಅವರು ಇನ್ನೊಂದು ಮಾತನ್ನು ಹೇಳಿದರು: "ಬೆಳಿಗ್ಗೆ ಸುಮ್ಮನಿದ್ದ ನೀರನ್ನು ನಂಬಬೇಡಿ. ತೆರೆ ಒಡೆಯದ ಕಡೆ ಕಡಲು ಬಾಯಿ ತೆರೆದಿರುತ್ತದೆ."

ಎಂಥ ಮಾತು! ನಾನು ಕೂಡಲೇ ಕಿಸೆಯ ಪುಸ್ತಕವನ್ನು ತೆಗೆದು, ಕತ್ತಲಲ್ಲಿಯೇ ಅದನ್ನು ಗೀಚಿ, ಕೆಳಗೆ 'ಒಳ್ಳೆಯ ರೂಪಕ' ಎಂದು ಬರೆದುಕೊಂಡೆ. ಹುಡುಗರಿಗೆ ಅದರ ಸೊಗಸನ್ನೂ ವಿವರಿಸಿದೆ. ಅರ್ಥವನ್ನು ಮಾತ್ರ ವಿವರಿಸಲಿಲ್ಲ, ನನಗೇ ಆಗಿರಲಿಲ್ಲ.

ಬೆಳಿಗ್ಗೆ ಅದೇ ತರುಣ ಎಲ್ಲರಿಗಿಂತ ಮುಂಚೆ ನೀರಿಗಿಳಿದ. ಎಡಬಲಗಳಲ್ಲಿ ತೆರೆಗಳು ಬಿಳಿಯಾಗಿ ಒಡೆಯುತ್ತಿದ್ದುವು. ನಡುವಿನ ಪಟ್ಟೆಯೊಂದು ಮಾತ್ರ ಶಾಂತ. "ಇಲ್ಲಿ ನೀರು ಸುಮ್ಮಗ ಐತ್ರಿ ಸರ" ಎಂದು ಕೂಗಿದ. ನಾನು ತಲೆದೂಗಿದೆ. ಸೊಂಟದ ಮಟ್ಟದಲ್ಲಿದ್ದವನು ನೋಡನೋಡುತ್ತಿದ್ದಂತೆ ಕೊರಳಿನ ಮಟ್ಟಕ್ಕೆ ಹೋದ. ದಡಕ್ಕೆ ಮುಖಮಾಡಿ ಕೈ ಬಡಿಯುತ್ತಿದ್ದ. ಆದರೆ ನಮ್ಮಿಂದ ದೂರವಾಗುತ್ತಿದ್ದ. ನಾವು ನಾಲ್ವರೂ ಕಿರಿಚಿದೆವು. ಒಬ್ಬನಿಗೂ ಈಜು ಬಾರದು.

ವೃದ್ಧರು ಓಡಿಬಂದು, "ದಡಕ್ಕೆ ಬೇಡ, ಅಡ್ಡ ಹೋಗು, ಅಡ್ಡ!" ಎಂದು ಗರ್ಜಿಸಿದರು. ಅಷ್ಟರಲ್ಲಿ ಅವರ ಮಗ ಪಾತಿದೋಣಿಯನ್ನು ನೀರಿಗೆ ನೂಕಿದ್ದ. ಕೆರೆಯಲ್ಲಿ ಈಜು ಕಲಿತ ತರುಣ ಹೇಗೋ ಮಗ್ಗುಲಿಗೆ ತಿರುಗಿ ತೆರೆಯೊಡೆಯುವೆಡೆಗೆ ಸರಿದ. ದೋಣಿ ಅವನನ್ನು ಮುಟ್ಟಿತು. ಮರಳಿನ ಮೇಲೆ ಬೋರಲು ಬಿದ್ದು ಅವನು ಉಪ್ಪುನೀರನ್ನು ಕಾರುತ್ತಿರುವಾಗ ಅವನ ತಾಯಿಯ ಮುಖ ನನ್ನ ಕಣ್ಣೆದುರಿಗಿತ್ತು. 2024ರ ಡಿಸೆಂಬರಿನಲ್ಲಿ ಇದೇ ಕರಾವಳಿಯ ಮುರ್ಡೇಶ್ವರದಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದುದನ್ನು ನಾನು ಓದಿದ್ದೆ. ಓದಿ, ಹಾಳೆಯನ್ನು ಮಗುಚಿದ್ದೆ.

ಆಮೇಲೆ ವೃದ್ಧರು ವಿವರಿಸಿದರು. ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಲ್ಲವೆ? ತಳದ ಮರಳಿನಲ್ಲಿ ಆಳವಾದ ಕಾಲುವೆಯಿದ್ದಲ್ಲಿ ಅದೆಲ್ಲ ಕೂಡಿ ರಭಸದಿಂದ ಕಡಲಿಗೆ ಮರಳುತ್ತದೆ. ಆಳವಿರುವುದರಿಂದಲೇ ಅಲ್ಲಿ ತೆರೆ ಒಡೆಯುವುದಿಲ್ಲ. ಅರಿಯದವನಿಗೆ ಅದೇ ಶಾಂತಿಯ ತಾಣವಾಗಿ ತೋರುತ್ತದೆ. ಸಿಕ್ಕಿಬಿದ್ದವನು ಸೆಳವಿಗೆ ಎದುರಾಗಿ ಈಜಿ ಸೋಲಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ತೆರೆಯೊಡೆಯುವಲ್ಲಿ ಹಿಂದಿರುಗಬೇಕು. ಶಕ್ತಿ ಸಾಲದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು.

ಅವರಿಗೆ ಹಣ ಕೊಡಹೋದೆ, ತೆಗೆದುಕೊಳ್ಳಲಿಲ್ಲ. ಉಳಿದಿದ್ದ ಪೇಡೆಯನ್ನು ಮೊಮ್ಮಕ್ಕಳಿಗೆಂದು ಸ್ವೀಕರಿಸಿದರು.

ವಾಚಕರೇ, ಹೋಗಿ ಬನ್ನಿ. ಸುಮಾರು 160 ಕಿಲೋಮೀಟರಿನ ಈ ದಾರಿಯಲ್ಲಿ ಗಿರಮಿಟ್ಟಿನಿಂದ ಬಂಗಡೆಯವರೆಗೆ ಎಲ್ಲವನ್ನೂ ಸವಿಯಿರಿ. ಜೀವರಕ್ಷಕರಿರುವ ಕಡೆಯಲ್ಲಿಯೇ ನೀರಿಗಿಳಿಯಿರಿ. ಎಲ್ಲಕ್ಕೂ ಮೊದಲು, ಆ ನೆಲದವರನ್ನು ಕೇಳಿರಿ. ಕೇಳಿದ ಮೇಲೆ ಅವರ ಮಾತನ್ನು ಮೆಚ್ಚಿಕೊಂಡು ಸುಮ್ಮನಾಗಬೇಡಿ, ನಡೆಸಿರಿ.

ಸೋಮವಾರ ಆ ತರುಣ ಎಂದಿನಂತೆ ಬೇಲೂರಿನ ಪಾಳಿಗೆ ಹೋದ. ನಾನು ತರಗತಿಗೆ ಹೊರಡುವ ಮುನ್ನ ಕಿಸೆಯ ಪುಸ್ತಕವನ್ನು ತೆರೆದೆ. ಹಾಳೆಗಳ ನಡುವಿನಿಂದ ಮರಳು ಉದುರಿತು. 'ಒಳ್ಳೆಯ ರೂಪಕ' ಎಂಬುದನ್ನು ಹೊಡೆದುಹಾಕಿ, 'ಎಚ್ಚರಿಕೆ' ಎಂದು ಬರೆದೆ.